ರಜೆಗೆ ಬಂದವರು, ಕಾದು ಕೂತವರು: ಸೈನಿಕರ ಮನೆಗಳ ಪ್ರಶ್ನೆಗಳಿಗೆ ಉತ್ತರ

ಮನಸ್ಸಿನ ಆರೋಗ್ಯ ಮತ್ತು ದಾಂಪತ್ಯದ ಬಗ್ಗೆ ಸೈನಿಕರ ಮನೆಗಳಿಂದ ಬಂದ ಪತ್ರಗಳಿಗೆ ಈ ಸಲದ ಪುಟಗಳು ಮೀಸಲು. ಒಬ್ಬ ಮನೋವೈದ್ಯರು ಮತ್ತು ಒಬ್ಬ ಕುಟುಂಬ ಆಪ್ತಸಮಾಲೋಚಕಿ ಸೇರಿ ಉತ್ತರಿಸಿದ್ದಾರೆ. ಹೆಸರು, ಊರು, ಯೂನಿಟ್ ತೆಗೆದು ಜಿಲ್ಲೆಯನ್ನಷ್ಟೇ ಉಳಿಸಿದ್ದೇವೆ.

ನಮ್ಮ ಮನೆಯವರು ಸೇನೆಯಲ್ಲಿ ನಾಯಕ್. ಎರಡು ವರ್ಷ ಕಾಶ್ಮೀರದಲ್ಲಿದ್ದು ಈಗ ಎರಡು ತಿಂಗಳ ರಜೆಗೆ ಬಂದಿದ್ದಾರೆ. ರಾತ್ರಿ ಮೂರು ನಾಲ್ಕು ಸಲ ಎದ್ದು ಬಾಗಿಲ ಚಿಲಕ ನೋಡುತ್ತಾರೆ. ಮದುವೆ ಮನೆಯಲ್ಲಿ ಪಟಾಕಿ ಹೊಡೆದಾಗ ಊಟ ಬಿಟ್ಟು ಎದ್ದು ಹೋದರು. ಹೋದ ವಾರ ನಿದ್ದೆಯಲ್ಲಿ ನರಳುತ್ತಿದ್ದಾಗ ಭುಜ ಮುಟ್ಟಿ ಎಬ್ಬಿಸಲು ಹೋದೆ, ನನ್ನ ಕುತ್ತಿಗೆ ಹಿಡಿದುಬಿಟ್ಟರು. ಎಚ್ಚರವಾದ ಮೇಲೆ ಅತ್ತರು. ಫೋನಿನಲ್ಲೂ ಆರು ತಿಂಗಳಿಂದ ಮಾತು ಕಡಿಮೆಯಾಗಿತ್ತು. ಆಸ್ಪತ್ರೆ ಎಂದರೆ ‘ನೌಕರಿಗೆ ಕುತ್ತು ಬರುತ್ತದೆ, ಯಾರಿಗೂ ಹೇಳಬೇಡ’ ಎನ್ನುತ್ತಾರೆ. ಅತ್ತೆ ಹರಕೆ ಹೊತ್ತಿದ್ದಾರೆ. ನಾನೇನು ಮಾಡಲಿ? (ಬೆಳಗಾವಿ ಜಿಲ್ಲೆ)

ಮೊದಲು ಇವತ್ತಿನ ರಾತ್ರಿಯ ಮಾತು. ಅವರು ನರಳುವಾಗ ಮುಟ್ಟಬೇಡಿ, ಮೇಲೆ ಬಾಗಬೇಡಿ. ಎದ್ದು, ಕೈಗೆಟುಕದಷ್ಟು ದೂರದಲ್ಲಿ, ಕಾಲಿನ ಕಡೆ ನಿಂತು ದೀಪ ಹಾಕಿ. ಹೆಸರು ಹಿಡಿದೋ, ಮನೆಯಲ್ಲಿ ಕರೆಯುವ ಹಾಗೋ ಕರೆದು, ‘ನೀವು ಮನೆಯಲ್ಲಿದ್ದೀರಿ, ನಾನು ಇಲ್ಲೇ ಇದ್ದೇನೆ’ ಎಂದು ಮೆಲ್ಲಗೆ, ಮತ್ತೆ ಮತ್ತೆ ಹೇಳಿ. ಮಗುವಿದ್ದರೆ ನಿಮ್ಮಿಬ್ಬರ ನಡುವೆ ಮಲಗಿಸಬೇಡಿ. ಕೆಲವು ವಾರ ಬೇರೆ ಹಾಸಿಗೆ ಹಾಸಿಕೊಂಡರೂ ತಪ್ಪಿಲ್ಲ. ಆದರೆ ಹಾಗೇಕೆ ಮಾಡುತ್ತಿದ್ದೀರಿ ಎಂದು ಹಗಲು ಹೊತ್ತಿನಲ್ಲೇ ಅವರಿಗೆ ಹೇಳಿಬಿಡಿ. ಹೇಳದೆ ದೂರ ಮಲಗಿದರೆ ಅವರು ಅದನ್ನು ಬೇರೆಯೇ ಅರ್ಥದಲ್ಲಿ ತೆಗೆದುಕೊಳ್ಳುತ್ತಾರೆ. ಕುತ್ತಿಗೆ ಹಿಡಿದದ್ದು ಅರೆನಿದ್ದೆಯಲ್ಲಿ ನಡೆದದ್ದು, ನಿಜ. ಆದರೂ ಕುತ್ತಿಗೆ ಕುತ್ತಿಗೆಯೇ. ಹಗಲು, ಪೂರ್ತಿ ಎಚ್ಚರದಲ್ಲಿದ್ದಾಗ ಕೈ ಎತ್ತಿದರೆ ಅದು ಬೇರೆ ವಿಷಯ, ಕಾಯಿಲೆಯ ಹೆಸರಿನಲ್ಲಿ ಅದನ್ನು ಸಹಿಸಬೇಡಿ.

ಇನ್ನು ಕಾಯಿಲೆಯ ಮಾತು. ಫೀಲ್ಡ್‌ನಿಂದ ಬಂದ ಮೊದಲ ಮೂರು ನಾಲ್ಕು ವಾರ ನಿದ್ದೆ ತುಂಡಾಗುವುದು, ಸದ್ದಿಗೆ ಬೆಚ್ಚುವುದು ಬಹಳ ಮಂದಿಗೆ ಇರುತ್ತದೆ, ತಾನಾಗಿಯೇ ಇಳಿಯುತ್ತದೆ. ಲಕ್ಷಣಗಳು ಒಂದು ತಿಂಗಳು ದಾಟಿಯೂ ನಿಂತಿದ್ದರೆ, ಮನೆಯ ಬದುಕನ್ನು ಕೆಡಿಸುತ್ತಿದ್ದರೆ, ಪಿಟಿಎಸ್‌ಡಿ ಎಂಬ, ಆಘಾತದ ನಂತರದ ಮನೋವ್ಯಾಧಿಯೇ ಎಂದು ಪರೀಕ್ಷಿಸಬೇಕು. ವೈದ್ಯರು ನಾಲ್ಕು ಬಗೆಯ ಲಕ್ಷಣ ಹುಡುಕುತ್ತಾರೆ. ಆದ ಘಟನೆ ಕನಸಿನಲ್ಲೋ ಎಚ್ಚರದಲ್ಲೋ ಮರುಕಳಿಸುವುದು. ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ತಪ್ಪಿಸಿಕೊಳ್ಳುವುದು. ಸದಾ ಕಾವಲಿನಲ್ಲಿರುವಂತೆ ಮೈ ಬಿಗಿಯಾಗಿರುವುದು. ಮನಸ್ಸು ಮರಗಟ್ಟಿದಂತಾಗಿ ಸಂತೋಷ, ಪ್ರೀತಿ ಎರಡೂ ತಟ್ಟದಿರುವುದು. ಹೆಂಡತಿಯರಿಗೆ ಹೆಚ್ಚು ನೋವು ಕೊಡುವುದು ಈ ಕೊನೆಯದು. ‘ನನ್ನ ಮೇಲೆ ಮನಸ್ಸೇ ಇಲ್ಲ’ ಎಂದು ತಿಳಿಯುತ್ತಾರೆ. ಫೋನಿನಲ್ಲಿ ಮಾತು ಕಡಿಮೆಯಾಗಿದ್ದಕ್ಕೂ ಇದೇ ಕಾರಣ ಇರಬಹುದು.

ನೌಕರಿಯ ಭಯಕ್ಕೆ ನೇರ ಉತ್ತರ ಕೊಡಬೇಕು, ಏಕೆಂದರೆ ಸೈನಿಕರು ಆಸ್ಪತ್ರೆಯ ಮೆಟ್ಟಿಲು ಹತ್ತದಿರುವುದಕ್ಕೆ ಅದೇ ದೊಡ್ಡ ಅಡ್ಡಿ. ಸೇನೆಯಲ್ಲಿ ಆರೋಗ್ಯವನ್ನು ‘ಶೇಪ್’ (SHAPE) ಎಂಬ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಅಳೆಯುತ್ತಾರೆ. ಅದರ ಮೊದಲ ಅಕ್ಷರ ‘ಎಸ್’ ಮನಸ್ಸಿಗೆ ಸಂಬಂಧಿಸಿದ್ದು, 1ರಿಂದ 5ರವರೆಗೆ ದರ್ಜೆ. 1 ಎಂದರೆ ಎಲ್ಲ ಕೆಲಸಕ್ಕೂ ಯೋಗ್ಯ, 5 ಎಂದರೆ ಸೇವೆಗೆ ಅಯೋಗ್ಯ. ಚಿಕಿತ್ಸೆ ಶುರುವಾದರೆ ಸಾಮಾನ್ಯವಾಗಿ ತಾತ್ಕಾಲಿಕವಾಗಿ ಕೆಳದರ್ಜೆಗೆ ಇಳಿಸಿ, ಕೆಲವು ತಿಂಗಳ ನಂತರ ಮರುಪರೀಕ್ಷೆ ಮಾಡುತ್ತಾರೆ. ಗುಣವಾದರೆ ದರ್ಜೆ ಮೇಲೇರುತ್ತದೆ. ಆ ಅವಧಿಯಲ್ಲಿ ಆಯುಧದ ಡ್ಯೂಟಿ, ಎತ್ತರದ ಪ್ರದೇಶದ ಪೋಸ್ಟಿಂಗ್ ತಪ್ಪಬಹುದು, ಕೆಲವು ಕೋರ್ಸು ಮತ್ತು ಬಡ್ತಿಗಳಿಗೆ ತೊಂದರೆಯೂ ಆಗಬಹುದು. ಇದನ್ನು ಮುಚ್ಚಿಟ್ಟು ಹೇಳುವುದು ನ್ಯಾಯವಲ್ಲ. ಆದರೆ ‘ಹೇಳಿದ ದಿನವೇ ಮನೆಗೆ ಕಳಿಸುತ್ತಾರೆ’ ಎಂಬುದು ತಪ್ಪು ತಿಳಿವಳಿಕೆ. ಮುಚ್ಚಿಟ್ಟಾಗ ಏನಾಗುತ್ತದೆಂದೂ ನೋಡಿ: ಕಾಯಿಲೆ ಬಲಿತು, ಯೂನಿಟ್‌ನಲ್ಲಿ ಜಗಳವೋ ಕುಡಿತವೋ ಗೈರುಹಾಜರಿಯೋ ಆಗಿ, ಕೊನೆಗೆ ಅದು ಶಿಸ್ತಿನ ಪ್ರಕರಣವಾಗಿ ಹೊರಬರುತ್ತದೆ. ಸೇವೆಯಲ್ಲಿದ್ದಾಗ ದಾಖಲೆಯೇ ಇಲ್ಲದಿದ್ದರೆ ಮುಂದೆ ಅಂಗವೈಕಲ್ಯ ಪಿಂಚಣಿ ಕೇಳುವಾಗ ಕಾಯಿಲೆಗೂ ಸೇವೆಗೂ ಇರುವ ಸಂಬಂಧ ತೋರಿಸುವುದು ಕಷ್ಟ.

ರಜೆಯಲ್ಲಿರುವ ಸೈನಿಕರು ಹತ್ತಿರದ ಮಿಲಿಟರಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಬೆಳಗಾವಿಯಲ್ಲೇ ಇದೆ. ಅಲ್ಲಿ ಆ ದಿನ ಮನೋವೈದ್ಯರು ಸಿಗದಿದ್ದರೆ ಮನೋವೈದ್ಯ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಐಡಿ ಕಾರ್ಡು, ರಜೆ ಚೀಟಿ ಜೊತೆಗಿರಲಿ. ನೀವೂ ಹೋಗಿ, ಮತ್ತು ಹೋಗುವ ಮೊದಲು ಹತ್ತು ದಿನಗಳ ಒಂದು ಪಟ್ಟಿ ಮಾಡಿ: ಎಷ್ಟು ಗಂಟೆಗೆ ಮಲಗಿದರು, ಎಷ್ಟು ಸಲ ಎದ್ದರು, ಬೆಚ್ಚಿದ್ದು ಯಾವುದಕ್ಕೆ, ಕುಡಿದದ್ದು ಎಷ್ಟು. ‘ಒಂಥರಾ ಇದ್ದಾರೆ ಡಾಕ್ಟ್ರೇ’ ಎನ್ನುವುದಕ್ಕಿಂತ ಈ ಅರ್ಧ ಪುಟ ನೂರು ಪಾಲು ಉಪಯೋಗಕ್ಕೆ ಬರುತ್ತದೆ. ಮುಂದೆ ಯೂನಿಟ್ ಮೂಲಕ ಮನೋವೈದ್ಯರಲ್ಲಿಗೆ ಹೋದರೆ ಎಎಫ್‌ಎಂಎಸ್‌ಎಫ್-10 ಎಂಬ ನಮೂನೆಯಲ್ಲಿ ಕಮಾಂಡಿಂಗ್ ಅಧಿಕಾರಿ ಅವರ ನಡವಳಿಕೆಯ ವರದಿ ಬರೆಯುತ್ತಾರೆ. ಆದರೆ ಅದು ಹೇಳುವುದು ಯೂನಿಟ್‌ನಲ್ಲಿ ಕಂಡದ್ದನ್ನು. ಮನೆಯ ರಾತ್ರಿಗಳನ್ನು ಹೇಳಬಲ್ಲವರು ನೀವೊಬ್ಬರೇ.

ಚಿಕಿತ್ಸೆ ಎರಡು ದಾರಿಯದು. ಒಂದು, ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ: ವಾರಕ್ಕೊಂದರಂತೆ 8ರಿಂದ 15 ಭೇಟಿ, ಒಂದೊಂದೂ ಒಂದರಿಂದ ಒಂದೂವರೆ ಗಂಟೆ. 60 ದಿನದ ರಜೆಯ ಮೊದಲ ವಾರದಲ್ಲೇ ಶುರುಮಾಡಿದ್ದರೆ ಎಂಟು ಭೇಟಿ ಮುಗಿಯುತ್ತಿತ್ತು. ಈಗ ಉಳಿದಷ್ಟನ್ನು ಬಳಸಿಕೊಂಡು ಮುಂದಿನದನ್ನು ಯೂನಿಟ್‌ಗೆ ಹತ್ತಿರದ ಆಸ್ಪತ್ರೆಯಲ್ಲಿ ಮುಂದುವರಿಸಲು ಪತ್ರ ಬರೆಸಿಕೊಳ್ಳಿ. ಎರಡು ಮೂರನೇ ಭೇಟಿಯ ನಂತರ ಕನಸುಗಳು ಸ್ವಲ್ಪ ಹೆಚ್ಚಾಗುವುದುಂಟು. ಬಹಳ ಜನ ‘ಇದರಿಂದ ಕೆಟ್ಟದೇ ಆಯಿತು’ ಎಂದು ಬಿಟ್ಟುಬಿಡುವುದು ಅಲ್ಲಿಯೇ. ಗಾಯ ತೊಳೆಯುವಾಗ ಉರಿಯುವಂಥದ್ದು ಅದು, ನಿಲ್ಲಿಸಬಾರದು. ಇನ್ನೊಂದು, ಸರ್ಟ್ರಲೀನ್‌ನಂಥ ಮಾತ್ರೆ. ಗುಣ ಕಾಣಲು ಎರಡರಿಂದ ಆರು ವಾರ ಬೇಕು, ಚೆನ್ನಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು. ಕೆಟ್ಟ ಕನಸಿಗೆ ಕೆಲವರಿಗೆ ಪ್ರಜೋಸಿನ್ ಕೊಡುತ್ತಾರೆ. ಅದು ರಕ್ತದೊತ್ತಡ ಇಳಿಸುವುದರಿಂದ ಹಾಸಿಗೆಯಿಂದ ಒಮ್ಮೆಲೇ ಏಳಬಾರದು.

ಮೆಡಿಕಲ್ ಶಾಪಿನಿಂದ ಯಾರದೋ ಹಳೆ ಚೀಟಿಯಲ್ಲಿ ಅಲ್ಪ್ರಜೋಲಾಮ್, ಕ್ಲೋನಾಜೆಪಾಮ್ ಎಂಬ ನಿದ್ದೆ ಬರಿಸುವ ಮಾತ್ರೆ ತಂದು ನುಂಗುವುದನ್ನು ಮಾತ್ರ ತಡೆಯಿರಿ. ಈ ಕಾಯಿಲೆಗೆ ಅವು ಮದ್ದಲ್ಲ, ಬೇಗ ಚಟವಾಗುತ್ತವೆ, ಮದ್ಯದ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸುತ್ತವೆ. ‘ಅಲ್ಲಿ ಏನಾಯಿತು ಹೇಳಿ’ ಎಂದು ನೀವು ಒತ್ತಾಯಿಸುವುದೂ ಬೇಡ. ಹೇಳಿದರೆ ಕೇಳಿ, ಅಷ್ಟೇ. ಅತ್ತೆಯವರ ಹರಕೆ ಹಾಗೇ ಇರಲಿ, ಅದರಿಂದ ಕೆಡುಕಿಲ್ಲ. ಹರಕೆ ತೀರುವ ತನಕ ಆಸ್ಪತ್ರೆ ಬೇಡ ಎಂದರೆ ಮಾತ್ರ ಒಪ್ಪಬೇಡಿ.

ನನ್ನ ಗಂಡ ಹವಾಲ್ದಾರ್ ಆಗಿ ನಿವೃತ್ತರಾಗಿ ಐದು ವರ್ಷ. ಮೊದಲು ಸಂಜೆ ಎರಡು ಪೆಗ್ ಇತ್ತು, ಈಗ ಬೆಳಿಗ್ಗೆಯೇ ಶುರು. ದಿನಕ್ಕೆ ಎರಡು ಕ್ವಾರ್ಟರ್ ರಮ್. ಒಮ್ಮೆ ನಾವೇ ಎರಡು ದಿನ ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸಲು ನೋಡಿದೆವು, ಮೂರ್ಛೆ ಬಂದು ಬಿದ್ದರು. ಈಗ ‘ನಾನಿದ್ದು ಏನು ಪ್ರಯೋಜನ’ ಎನ್ನುತ್ತಾರೆ. ಮನೆಯಲ್ಲಿ ಕೋವಿ ಇದೆ. ನೆಂಟರೊಬ್ಬರು ಕಾಫಿಗೆ ಬೆರೆಸುವ ಪುಡಿ ತಂದುಕೊಟ್ಟಿದ್ದಾರೆ. (ಕೊಡಗು ಜಿಲ್ಲೆ)

ಕೋವಿಯಿಂದಲೇ ಶುರುಮಾಡೋಣ, ಉಳಿದದ್ದಕ್ಕೆಲ್ಲ ಸಮಯವಿದೆ. ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು, ಕುಡಿತ, ಕೈಗೆಟುಕುವ ಬಂದೂಕು ಮೂರೂ ಒಂದೇ ಮನೆಯಲ್ಲಿರಕೂಡದು. ಸಾಯಬೇಕೆನ್ನುವ ತೀವ್ರ ಯೋಚನೆ ಬಹಳ ಸಲ ಅಲೆಯಂತೆ ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಕೊಡಗಿನಲ್ಲಿ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಕೊಡವರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇರುವುದರಿಂದ, ಕೈಲ್ ಪೊಳ್ದ್ ಹಬ್ಬಕ್ಕೆ ಪೂಜೆಗೊಳ್ಳುವ ಕೋವಿಯನ್ನು ಮನೆಯಿಂದ ಹೊರಗೆ ಕಳಿಸುವುದು ಮಾನದ ಪ್ರಶ್ನೆಯಾಗಿ ಕಾಣಬಹುದು. ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀತಿ ಪಡೆಯಿರಿ, ಚುನಾವಣೆ ಹೊತ್ತಿನಲ್ಲಿ ಇಡುತ್ತಿದ್ದ ಹಾಗೆಯೇ. ಅದೂ ತಡವಾಗುವುದಾದರೆ ಇವತ್ತೇ ತೋಟಾಗಳನ್ನಾದರೂ ಮನೆಯಿಂದ ತೆಗೆಸಿ. ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಸಾಲದು, ಬೀಗದ ಕೈ ಎಲ್ಲಿರುತ್ತದೆಂದು ಅವರಿಗೆ ಗೊತ್ತು. ಅವರ ಜೊತೆ ಸೇವೆಯಲ್ಲಿದ್ದ ಹಿರಿಯರೊಬ್ಬರು ಬಂದು ‘ಕೋವಿ ನಾಲ್ಕು ತಿಂಗಳು ಹೊರಗಿರಲಿ’ ಎಂದರೆ ನೀವು ಹೇಳುವುದಕ್ಕಿಂತ ಬೇಗ ಒಪ್ಪುತ್ತಾರೆ. ತೋಟದ ಔಷಧಿ ಡಬ್ಬಗಳೂ ಬೇರೆ ಕಡೆ ಹೋಗಲಿ. ‘ಸಾಯುವ ಯೋಚನೆ ಬರುತ್ತದೆಯೇ’ ಎಂದು ಅವರನ್ನೇ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಹೊರಡಿ.

ಇನ್ನು ಮೂರ್ಛೆ. ಕ್ವಾರ್ಟರ್ ಎಂದರೆ 180 ಮಿ.ಲೀ. ಶೇ 42.8ರ ಪ್ರಮಾಣದ ರಮ್ಮಿನಲ್ಲಿ 30 ಮಿ.ಲೀ.ಗೆ ಸುಮಾರು 10 ಗ್ರಾಂ ಆಲ್ಕೋಹಾಲ್. ಎರಡು ಕ್ವಾರ್ಟರಿಗೆ ದಿನಕ್ಕೆ 120 ಗ್ರಾಂ ಆಯಿತು. ಇಷ್ಟಕ್ಕೆ ಒಗ್ಗಿದ ಮಿದುಳಿಗೆ ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ. 48 ಗಂಟೆಯೊಳಗೆ ಫಿಟ್ಸ್. ಎರಡರಿಂದ ನಾಲ್ಕನೇ ದಿನಕ್ಕೆ ಜ್ವರ, ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದ ಮಾತು. ಇದು ಜೀವಕ್ಕೆ ಅಪಾಯ. ಒಮ್ಮೆ ಫಿಟ್ಸ್ ಬಂದವರಿಗೆ ಇನ್ನೊಮ್ಮೆ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ ಮನೆಯಲ್ಲಿ ಬಿಡಿಸುವ ಪ್ರಯತ್ನ ಮತ್ತೆ ಬೇಡವೇ ಬೇಡ. ಆಸ್ಪತ್ರೆಯಲ್ಲಿ ಒಂದು ವಾರ ಹತ್ತು ದಿನ ಇಟ್ಟುಕೊಂಡು, ನಡುಕ ತಡೆಯುವ ಮದ್ದನ್ನು ದಿನದಿನಕ್ಕೆ ಇಳಿಸುತ್ತಾ ಬಿಡಿಸುತ್ತಾರೆ. ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ಚುಚ್ಚುಮದ್ದಾಗಿ ಕೊಡುತ್ತಾರೆ, ಗ್ಲೂಕೋಸ್ ಡ್ರಿಪ್‌ಗೆ ಮೊದಲೇ ಕೊಡಬೇಕು. ಸಣ್ಣ ನರ್ಸಿಂಗ್ ಹೋಮಿನಲ್ಲಿ ‘ಸುಸ್ತಾಗಿದ್ದಾರೆ, ಒಂದು ಬಾಟಲಿ ಗ್ಲೂಕೋಸ್ ಹಾಕಿ’ ಎಂದು ಕೇಳುವ ಮುನ್ನ ಕುಡಿತದ ವಿಷಯ ಮರೆಮಾಡದೆ ಹೇಳಬೇಕಾದದ್ದು ಇದಕ್ಕೇ.

ಆ ಪುಡಿಯನ್ನು ಚರಂಡಿಗೆ ಹಾಕಿ. ಅಂಥ ಪುಡಿಗಳಲ್ಲಿ ಡೈಸಲ್ಫಿರಾಮ್ ಎಂಬ ಮದ್ದು ಇರಬಹುದು, ಅದು ಗೊತ್ತಿಲ್ಲದೆ ಅವರು ಕುಡಿದರೆ ರಕ್ತದೊತ್ತಡ ಕುಸಿದು ಎದೆಬಡಿತ ತಪ್ಪಬಹುದು. ಡೈಸಲ್ಫಿರಾಮ್ ಕೊಡುವುದಿದ್ದರೆ ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರೇ ಕೊಡಬೇಕು. ಆಸೆ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮದ್ದುಗಳಿವೆ. ಮೊದಲನೆಯದಕ್ಕೆ ಯಕೃತ್ತಿನ, ಎರಡನೆಯದಕ್ಕೆ ಮೂತ್ರಪಿಂಡದ ಪರೀಕ್ಷೆ ಆಗಿರಬೇಕು. ಮಂಡಿ ನೋವಿಗೆಂದು ಟ್ರಾಮಡಾಲ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನಾಲ್ಟ್ರೆಕ್ಸೋನ್ ಜೊತೆ ಅದು ಸಲ್ಲ.

ಮಡಿಕೇರಿಯ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆಯ) ಪಾಲಿಕ್ಲಿನಿಕ್‌ಗೆ ಕಾರ್ಡಿನ ಸಮೇತ ಹೋಗಿ ರೆಫರಲ್ ಪಡೆದುಕೊಂಡರೆ ಖರ್ಚಿನ ಹೊರೆ ತಪ್ಪುತ್ತದೆ. ಫಿಟ್ಸ್‌ನಂಥ ತುರ್ತಿನಲ್ಲಿ ರೆಫರಲ್‌ಗೆ ಕಾಯದೆ ಅಲ್ಲಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನೇರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ನಲವತ್ತರ ಆಸುಪಾಸಿನಲ್ಲಿ ಸಮವಸ್ತ್ರ ಕಳಚಿ ಬಂದವರಿಗೆ ಬೆಳಿಗ್ಗೆ ಐದಕ್ಕೆ ಏಳಲು ಕಾರಣವೇ ಇಲ್ಲದಂತಾಗುವುದು ಕುಡಿತದಷ್ಟೇ ದೊಡ್ಡ ಸಮಸ್ಯೆ. ಬಿಡಿಸಿದ ಮೇಲಿನ ಮೊದಲ ಮೂರು ತಿಂಗಳಿಗೆ ಹೊತ್ತು ಗೊತ್ತು ಇರುವ ಒಂದು ಕೆಲಸ, ಸಂಬಳ ಎಷ್ಟೇ ಕಡಿಮೆ ಇರಲಿ, ಮೊದಲೇ ಗೊತ್ತುಮಾಡಿಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮರು ಉದ್ಯೋಗಕ್ಕೆ ಹೆಸರು ನೋಂದಾಯಿಸಬಹುದು. ಕ್ಯಾಂಟೀನಿನ ಮದ್ಯದ ಕೋಟಾ ತರುವುದನ್ನು ಪೂರ್ತಿ ನಿಲ್ಲಿಸಬೇಕು, ‘ನೆಂಟರಿಗೆ ಕೊಡಲು’ ಎಂದೂ ತರಬಾರದು.

ನಾನೇ ಸೈನಿಕ. ಮುಂದಿನ ತಿಂಗಳು ರಜೆಗೆ ಬರುತ್ತೇನೆ. ಹೋದ ಸಲದ ರಜೆಯಿಡೀ ಜಗಳದಲ್ಲೇ ಹೋಯಿತು. ಅಮ್ಮನಿಗೆ ಮೊದಲು ಫೋನ್ ಮಾಡಿದರೆ ಹೆಂಡತಿಗೆ ಸಿಟ್ಟು, ಹೆಂಡತಿಗೆ ಮಾಡಿದರೆ ಅಮ್ಮ ಅಳುತ್ತಾರೆ. ಮೂರು ವರ್ಷದ ಮಗ ನನ್ನ ಹತ್ತಿರ ಬರಲೇ ಇಲ್ಲ. ಮನೆಯಲ್ಲಿ ಯಾವುದನ್ನೂ ನನ್ನನ್ನು ಕೇಳಿ ಮಾಡುವುದಿಲ್ಲ. (ಗದಗ ಜಿಲ್ಲೆ)

ನೀವಿಲ್ಲದ ಹತ್ತು ತಿಂಗಳು ಆ ಮನೆ ನಡೆದಿದೆಯಲ್ಲ, ಅದನ್ನು ನಡೆಸಿದವರು ನಿಮ್ಮ ಹೆಂಡತಿ. ಗ್ಯಾಸ್, ಮಗನ ಲಸಿಕೆ, ಮಾವನ ಬಿ.ಪಿ. ಮಾತ್ರೆ, ಸಂಘದ ಕಂತು, ಎಲ್ಲಕ್ಕೂ ಅವರದೊಂದು ರೀತಿ ಇದೆ. ಬಂದ ಮೂರನೇ ದಿನವೇ ನೀವು ಅದನ್ನು ‘ಸರಿಪಡಿಸಲು’ ಹೊರಟರೆ, ಇಷ್ಟು ದಿನ ಮಾಡಿದ್ದೆಲ್ಲ ತಪ್ಪು ಎಂದಂತೆ ಕೇಳಿಸುತ್ತದೆ. ಮೊದಲ ವಾರ ನೋಡಿ, ಕೇಳಿ, ಹೇಳಿದ ಕೆಲಸ ಮಾಡಿ. ಎರಡನೇ ವಾರದಲ್ಲಿ ‘ಇವುಗಳಲ್ಲಿ ನಾನು ಇರುವಷ್ಟು ದಿನ ಯಾವುದನ್ನು ವಹಿಸಿಕೊಳ್ಳಲಿ’ ಎಂದು ಕೇಳಿ, ಒಂದೆರಡನ್ನು ಪೂರ್ತಿಯಾಗಿ ವಹಿಸಿಕೊಳ್ಳಿ.

ರಜೆ ಕೆಡುವುದು ಬಹಳ ಸಲ ರೈಲು ಹತ್ತುವ ಮೊದಲೇ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಅಷ್ಟರಲ್ಲೇ ಬೋರ್‌ವೆಲ್, ತಂಗಿಯ ನಿಶ್ಚಿತಾರ್ಥ, ಜಾತ್ರೆ, ಹೊಲದ ಸರ್ವೆ, ಗೆಳೆಯರ ಪಾರ್ಟಿ ಎಲ್ಲ ತುರುಕುತ್ತೀರಿ. ಹೆಂಡತಿಯ ಜೊತೆ ಕೂತು ಮಾತಾಡಲು ಸಿಗುವುದು ಹೊರಡುವ ಹಿಂದಿನ ರಾತ್ರಿ. ಬರುವ ಮೊದಲೇ ಇಬ್ಬರೂ ಫೋನಿನಲ್ಲಿ ದಿನಾಂಕ ಹಾಕಿಕೊಳ್ಳಿ: ಮೊದಲ ಎರಡು ದಿನ ಮನೆಯಲ್ಲೇ, ನೆಂಟರಿಲ್ಲ, ಮೊದಲ ಹತ್ತು ದಿನದೊಳಗೆ ಒಂದು ರಾತ್ರಿಯಾದರೂ ನೀವಿಬ್ಬರೇ ಎಲ್ಲಿಗಾದರೂ, ಸಾಲದ ಲೆಕ್ಕ ಮೊದಲ ವಾರದಲ್ಲಿ ಬೇಡ. ಇದನ್ನು ಅಮ್ಮನಿಗೆ ಹೇಳಬೇಕಾದವರು ನೀವು. ಸೊಸೆಯ ಬಾಯಲ್ಲಿ ಹೇಳಿಸಿದರೆ ಜಗಳಕ್ಕೆ ನೀವೇ ಬೀಜ ಹಾಕಿದಂತೆ.

ಫೋನಿಗೆ ಉತ್ತರ ಸರಳ. ಯಾರಿಗೆ ಮೊದಲು ಎಂಬುದನ್ನು ದಿನವೂ ಹೊಸದಾಗಿ ತೀರ್ಮಾನಿಸಬೇಡಿ. ಅಮ್ಮನಿಗೆ ವಾರದಲ್ಲಿ ಎರಡು ದಿನ, ಗೊತ್ತಾದ ಹೊತ್ತು, ಅವರ ಫೋನಿಗೇ. ಹೆಂಡತಿಗೆ ಉಳಿದ ದಿನ, ಅವರ ಫೋನಿಗೆ, ಸ್ಪೀಕರ್ ಹಾಕದೆ. ನೆಟ್‌ವರ್ಕ್ ಇಲ್ಲದ ಪೋಸ್ಟಿನಲ್ಲಿ ಕರೆ ತಪ್ಪಿದರೆ ಎಷ್ಟು ದಿನದವರೆಗೆ ಗಾಬರಿಯಾಗಬಾರದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಎಲ್ಲಿದ್ದೀರಿ, ಎತ್ತ ಹೋಗುತ್ತೀರಿ ಎಂದು ಹೇಳುವಂತಿಲ್ಲ ಎಂಬುದು ಹೆಂಡತಿಗೆ ಅರ್ಥವಾಗುತ್ತದೆ, ಆದರೆ ಹೇಳದಿರುವುದಕ್ಕೆ ಕಾರಣ ನಿಯಮವೋ ಮುನಿಸೋ ಎಂಬುದು ಅರ್ಥವಾಗುವುದಿಲ್ಲ. ‘ಇದನ್ನು ಹೇಳುವ ಹಾಗಿಲ್ಲ’ ಎಂಬ ಒಂದು ಮಾತು ಸೇರಿಸಿದರೆ ಸಾಕು.

ಮಗನನ್ನು ಎಳೆದು ಎತ್ತಿಕೊಳ್ಳಬೇಡಿ. ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವನು ಆಡುವ ಆಟವನ್ನೇ ನೀವೂ ಆಡಿ, ದಿನಕ್ಕೆ ಎರಡು ಸಲ ಕಾಲು ಗಂಟೆ. ಒಂದೆರಡು ವಾರದಲ್ಲಿ ಅವನೇ ತೊಡೆ ಏರುತ್ತಾನೆ. ಮೊದಲ ದಿನಗಳಲ್ಲಿ ಬೈಯುವ ಕೆಲಸ ಅಮ್ಮನಿಗಿರಲಿ, ಸ್ನಾನ ಮಾಡಿಸುವ ಕೆಲಸ ನಿಮಗಿರಲಿ.

ಇನ್ನೊಂದು ವಿಷಯ ತಿಳಿದಿರಲಿ. ಹೊರಡುವ ಕೊನೆಯ ನಾಲ್ಕೈದು ದಿನ ಕಾರಣವಿಲ್ಲದೆ ಜಗಳವಾಗುವುದು ಸೈನಿಕರ ಮನೆಗಳಲ್ಲಿ ತೀರಾ ಸಾಮಾನ್ಯ. ಅಗಲಿಕೆಯ ನೋವಿಗಿಂತ ಸಿಟ್ಟು ಹೊರಲು ಸುಲಭ, ಅದಕ್ಕೇ ಮನಸ್ಸು ಸಿಟ್ಟನ್ನು ಆರಿಸಿಕೊಳ್ಳುತ್ತದೆ. ಎದೆ ಬಡಿದುಕೊಳ್ಳುವಷ್ಟು ಮಾತು ಏರಿದರೆ ಅರ್ಧ ಗಂಟೆ ನಿಲ್ಲಿಸಿ, ಆದರೆ ‘ಎಂಟೂವರೆಗೆ ಮತ್ತೆ ಮಾತಾಡೋಣ’ ಎಂದು ಹೊತ್ತು ಹೇಳಿ ಹೊರಗೆ ಹೋಗಿ. ಹೇಳದೆ ಎದ್ದು ಹೋದರೆ ಅದೇ ಹೊಸ ಜಗಳ.

ಮಗು ಹುಟ್ಟಿ ಎರಡೂವರೆ ತಿಂಗಳು. ಗಂಡ ಲಡಾಖ್‌ನಲ್ಲಿದ್ದಾರೆ. ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಸುಮ್ಮನೆ ಅಳು ಬರುತ್ತದೆ. ಮಗುವಿನ ಮೇಲೆ ಪ್ರೀತಿ ಹುಟ್ಟುತ್ತಿಲ್ಲವೇನೋ ಎಂದು ಭಯ. ಅವರಿಗೆ ಹೇಳಬೇಡ, ಅಲ್ಲಿ ಚಿಂತೆ ಮಾಡುತ್ತಾರೆ ಎನ್ನುತ್ತಾರೆ ಅಮ್ಮ. (ಹಾಸನ ಜಿಲ್ಲೆ)

ಹೆರಿಗೆಯ ನಂತರ ಕೆಲವು ದಿನ ಅಳು ಬರುವುದು ಸಹಜ, ಎರಡು ವಾರದೊಳಗೆ ತಿಳಿಯಾಗುತ್ತದೆ. ನಿಮ್ಮದು ಎರಡೂವರೆ ತಿಂಗಳು. ಇದು ಬಾಣಂತಿಯ ಖಿನ್ನತೆ ಇರಬಹುದು, ನೀವು ಕೆಟ್ಟ ತಾಯಿ ಎಂಬುದಕ್ಕೆ ಸಾಕ್ಷಿಯಲ್ಲ. ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ ಎಂಬುದೊಂದಿದೆ, ಕನ್ನಡದಲ್ಲೂ ಲಭ್ಯ, ವೈದ್ಯರು ಐದು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿಸಿ, ಅವೆರಡೂ ಏರುಪೇರಾದರೆ ಹೀಗೇ ಸುಸ್ತು, ಬೇಸರ ಬರುತ್ತದೆ. ಮಾತ್ರೆ ಬೇಕಾದರೂ ಹಾಲು ಬಿಡಿಸಬೇಕಿಲ್ಲ: ಸರ್ಟ್ರಲೀನ್ ಹಾಲಿಗೆ ಹೋಗುವ ಪ್ರಮಾಣ ಬಹಳ ಕಡಿಮೆ, ಹಾಲುಣಿಸುವವರಿಗೆ ವೈದ್ಯರು ಮೊದಲು ಯೋಚಿಸುವ ಮದ್ದುಗಳಲ್ಲಿ ಅದೂ ಒಂದು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿನ ದಿನವನ್ನು ಆಶಾ ಕಾರ್ಯಕರ್ತೆಯ ಬಳಿ ಕೇಳಿ.

ಮದ್ದಿನಷ್ಟೇ ಮುಖ್ಯ, ರಾತ್ರಿ ಒಮ್ಮೆಯಾದರೂ ತುಂಡಾಗದ ನಾಲ್ಕೈದು ಗಂಟೆ ನಿದ್ದೆ. ಒಂದು ಸರದಿಯ ಹಾಲನ್ನು ಹಿಂಡಿಟ್ಟು ಅಮ್ಮ ಕುಡಿಸಲಿ. ಮೂರು ರಾತ್ರಿ ನಿದ್ದೆಯೇ ಇಲ್ಲದಿರುವುದು, ಯಾರೋ ಮಾತಾಡಿದಂತೆ ಕೇಳುವುದು, ಮಗುವಿಗೆ ಏನೋ ಮಾಡಿಬಿಡುತ್ತೇನೆ ಅನ್ನಿಸುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಇದನ್ನೇ. ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಬೇರೆ ಮಾಡದೆ ಒಟ್ಟಿಗೇ ದಾಖಲಿಸಿಕೊಳ್ಳುವ ವಾರ್ಡ್ ಇದೆ.

ಗಂಡನಿಗೆ ಹೇಳಿ. ನೀವು ಹೇಳದಿದ್ದರೆ ಸೋದರ ಸಂಬಂಧಿಯ ವಾಟ್ಸ್ಆ್ಯಪ್‌ನಿಂದ ಅರ್ಧಂಬರ್ಧ ತಿಳಿದು, ಅಲ್ಲಿ ಕೂತು ಇನ್ನೂ ಕೆಟ್ಟದ್ದನ್ನು ಊಹಿಸುತ್ತಾರೆ. ಹೇಳುವ ಕ್ರಮ ಹೀಗಿರಲಿ: ಮಗು ಚೆನ್ನಾಗಿದೆ, ನನಗೆ ಹೀಗಾಗಿದೆ, ಇಂಥ ದಿನ ಡಾಕ್ಟರಿಗೆ ತೋರಿಸುತ್ತೇನೆ, ನಿಮ್ಮಿಂದ ಬೇಕಾದದ್ದು ಇದು. ವೈದ್ಯರ ಚೀಟಿಯ ಫೋಟೋ ಕಳಿಸಿದರೆ ಅವರು ಯೂನಿಟ್‌ನಲ್ಲಿ ತುರ್ತು ರಜೆ ಕೇಳಲು ಅದೇ ಆಧಾರ.

ಖಿನ್ನತೆಗೆ ಮಾತ್ರೆ ಶುರುವಾದ ಮೇಲೆ ನನ್ನ ಗಂಡ ಹತ್ತಿರವೇ ಬರುತ್ತಿಲ್ಲ. ಬೇರೆ ಸಂಬಂಧ ಇರಬಹುದೇ? (ಹೆಸರು, ಜಿಲ್ಲೆ ಬೇಡ)

ಅಷ್ಟು ದೂರ ಹೋಗುವ ಮೊದಲು ಮಾತ್ರೆಯ ಹೆಸರು ನೋಡಿ. ಎಸಿಟಾಲೋಪ್ರಾಮ್, ಸರ್ಟ್ರಲೀನ್, ಪ್ಯಾರಾಕ್ಸೆಟೀನ್ ಗುಂಪಿನ ಮದ್ದುಗಳು ಆಸೆ ಕುಗ್ಗಿಸುವುದು, ಸ್ಖಲನ ತಡವಾಗಿಸುವುದು ಬಹಳ ಸಾಮಾನ್ಯ. ಖಿನ್ನತೆಯೂ ಅದನ್ನೇ ಮಾಡುತ್ತದೆ. ಗಂಡಸರು ಇದನ್ನು ಡಾಕ್ಟರಿಗೂ ಹೇಳುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ, ನಾಚಿಕೊಂಡು ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದು, ಮೇಲೆ ಕಾಯಿಲೆ ಮರುಕಳಿಸುವುದು. ವೈದ್ಯರು ಪ್ರಮಾಣ ಇಳಿಸಬಹುದು, ಬುಪ್ರೊಪಿಯಾನ್ ಅಥವಾ ಮಿರ್ಟಾಜಪೀನ್‌ಗೆ ಬದಲಿಸಬಹುದು. ಅಂಗಡಿಯಿಂದ ವಯಾಗ್ರ ಬಗೆಯ ಮಾತ್ರೆಯನ್ನು ತಾವೇ ತರುವುದು ಬೇಡ, ಹೃದಯದ ನೈಟ್ರೇಟ್ ಮಾತ್ರೆ ಅಥವಾ ಪ್ರಜೋಸಿನ್ ಜೊತೆ ಅದು ರಕ್ತದೊತ್ತಡ ಕುಸಿಯುವಂತೆ ಮಾಡುತ್ತದೆ. ಮುಂದಿನ ಭೇಟಿಗೆ ನೀವೂ ಜೊತೆ ಹೋಗಿ.

14416ಕ್ಕೆ ಕರೆ ಮಾಡಿದರೆ ಯೂನಿಟ್‌ಗೆ ಗೊತ್ತಾಗುತ್ತದೆಯೇ? ಕನ್ನಡದಲ್ಲಿ ಮಾತಾಡುತ್ತಾರೆಯೇ? (ಬಾಗಲಕೋಟೆ ಜಿಲ್ಲೆ)

ಕನ್ನಡದಲ್ಲಿ ಮಾತಾಡುತ್ತಾರೆ, ಹಗಲು ರಾತ್ರಿ, ಉಚಿತ. ಟೆಲಿ ಮಾನಸ್ ಎಂಬ ಈ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಶಸ್ತ್ರ ಪಡೆಗಳವರಿಗೂ ಅವರ ಕುಟುಂಬಕ್ಕೂ ಎಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ಪ್ರತ್ಯೇಕ ಘಟಕ ತೆರೆದರು. ಯೂನಿಟ್ ಯಾವುದೆಂದು ಹೇಳದೆಯೂ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಡುತ್ತದೆ, ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯದ ಆದೇಶವಿದ್ದಾಗ, ಹೀಗೆ ಕೆಲವು ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ. ಆದರೆ ಮಿಲಿಟರಿ ಆಸ್ಪತ್ರೆಗೆ ಹೋದರೆ ಅದು ಸೇವೆಯ ವೈದ್ಯಕೀಯ ದಾಖಲೆಗೆ ಸೇರುತ್ತದೆ. ಈ ವ್ಯತ್ಯಾಸ ತಿಳಿದುಕೊಂಡು ಹೆಜ್ಜೆ ಇಡಿ. ಫೋನಿನಲ್ಲಿ ಸಿಗುವುದು ಆಪ್ತಸಲಹೆ ಮತ್ತು ಮುಂದಿನ ದಾರಿ. ಆಯುಧ ಹಿಡಿಯುವವರು ತಿಂಗಳುಗಟ್ಟಲೆ ಗುಟ್ಟಾಗಿ ಮಾತ್ರೆ ತೆಗೆದುಕೊಳ್ಳುವುದು ತಮಗೂ ಜೊತೆಗಾರರಿಗೂ ಅಪಾಯ.

ಗಂಡ ಒಂದು ವರ್ಷದಿಂದ ದುಡ್ಡು ಕಳಿಸುತ್ತಿಲ್ಲ, ಫೋನ್ ಎತ್ತುವುದಿಲ್ಲ. ಕ್ವಾರ್ಟರ್ಸ್‌ನಲ್ಲಿದ್ದಾಗ ಹೊಡೆಯುತ್ತಿದ್ದರು. ದೂರು ಕೊಟ್ಟರೆ ಅವರ ನೌಕರಿ ಹೋಗಿ ನನಗೂ ಮಗಳಿಗೂ ಏನೂ ಸಿಗದಂತಾಗುತ್ತದೆ ಎಂದು ಹೆದರಿದ್ದೇನೆ. (ವಿಜಯಪುರ ಜಿಲ್ಲೆ)

ಜೀವನಾಂಶ ಕೇಳುವುದೂ ಕ್ರಿಮಿನಲ್ ದೂರು ಕೊಡುವುದೂ ಒಂದೇ ಅಲ್ಲ. 1950ರ ಸೇನಾ ಕಾಯ್ದೆಯ ಪ್ರಕಾರ ಹೆಂಡತಿ ಮಕ್ಕಳನ್ನು ನೋಡಿಕೊಳ್ಳದವರ ಸಂಬಳದಿಂದಲೇ ಹಣ ಹಿಡಿದು ಕೊಡಲು ಸೇನೆಗೆ ಅಧಿಕಾರವಿದೆ: ಅಧಿಕಾರಿಗಳಿಗೆ 90ನೇ ಸೆಕ್ಷನ್, ಉಳಿದವರಿಗೆ 91ನೇ ಸೆಕ್ಷನ್. ಹೆಂಡತಿ ಮಕ್ಕಳೆಲ್ಲ ಸೇರಿ ಸಂಬಳದ ಶೇ 33ರ ಮಿತಿ. ಇದಕ್ಕಾಗಿ ಅವರ ನೌಕರಿ ಹೋಗುವುದಿಲ್ಲ. ಕಮಾಂಡಿಂಗ್ ಅಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಅರ್ಜಿ, ಅದರ ಪ್ರತಿ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ. ಗಂಡನ ಸೇನಾ ಸಂಖ್ಯೆ, ರ‍್ಯಾಂಕ್, ಮದುವೆ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರ, ದುಡ್ಡು ಬಂದು ನಿಂತದ್ದನ್ನು ತೋರಿಸುವ ಪಾಸ್‌ಬುಕ್ ಪುಟಗಳು, ತಿಂಗಳ ಖರ್ಚಿನ ಪಟ್ಟಿ ಜೊತೆಗಿರಲಿ. ಅರ್ಜಿ ಎರಡು ಪುಟ ಮೀರದಿರಲಿ. ಹತ್ತು ವರ್ಷದ ನೋವನ್ನೆಲ್ಲ ಬರೆದರೆ ಕೇಳಿದ್ದೇನು ಎಂಬುದೇ ಕಳೆದುಹೋಗುತ್ತದೆ. ಗಂಡನಿಗೆ ನೋಟಿಸ್ ಕೊಟ್ಟು ಉತ್ತರ ಪಡೆಯುವುದರಿಂದ ತಿಂಗಳುಗಳೇ ಹಿಡಿಯುತ್ತವೆ.

ಇಂಥ ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಒಂದು ಕಡೆ: ಮದುವೆ, ಮಗುವಿನ ಜನನ ಸೇವಾ ದಾಖಲೆಯಲ್ಲಿ ಸೇರಿರುವುದೇ ಇಲ್ಲ. ಹಾಗೆ ಸೇರಿಸುವುದಕ್ಕೆ ಪಾರ್ಟ್ ಟೂ ಆರ್ಡರ್ ಎನ್ನುತ್ತಾರೆ. ಮಿಲಿಟರಿ ಆಸ್ಪತ್ರೆಯಿಂದ ಹಿಡಿದು ಪಿಂಚಣಿವರೆಗೆ ಎಲ್ಲಕ್ಕೂ ಅದೇ ತಳಪಾಯ. ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಲು ರೆಕಾರ್ಡ್ ಆಫೀಸಿಗೆ ಬರೆಯಿರಿ. ಹೊಸದಾಗಿ ಮದುವೆಯಾದವರೂ ಇದನ್ನು ಓದುತ್ತಿದ್ದರೆ, ಗಂಡ ಒಳ್ಳೆಯವರಾಗಿದ್ದರೂ ಈ ತಿಂಗಳೇ ಕೇಳಿ ನೋಡಿ.

ಹೊಡೆತದ ವಿಷಯಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆ, ವಾಸ, ಜೀವನಾಂಶ ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ, ಅಥವಾ ಮಹಿಳಾ ಸಹಾಯವಾಣಿ 181ರಲ್ಲಿ ಶುರುಮಾಡಿ, ತುರ್ತಿಗೆ 112. ಉಚಿತ ವಕೀಲರಿಗೆ ಕಾನೂನು ಸೇವಾ ಪ್ರಾಧಿಕಾರದ 15100. ಒಂದು ಎಚ್ಚರಿಕೆ: ಗಂಡ ಯುದ್ಧ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿದ್ದರೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯಡಿ ಸಿವಿಲ್ ಮೊಕದ್ದಮೆಗೆ ತಡೆ ಕೇಳಲು ಅವಕಾಶವಿದೆ. ಹಾಗಾಗಿ ಕೋರ್ಟನ್ನೊಂದೇ ನಂಬಿ ಕೂರಬೇಡಿ, ಸೇನೆಗೆ ಬರೆಯುವ ಅರ್ಜಿ ಮೊದಲು ಹೋಗಲಿ, ಅಂಚೆ ರಸೀತಿಯನ್ನು ಮಗಳ ಜನನ ಪ್ರಮಾಣಪತ್ರದ ಜೊತೆಯಲ್ಲೇ ಜೋಪಾನವಾಗಿಡಿ.